ಸೇವ್ ಆಗುತ್ತಿದೆ, ಆಫ್ ಮಾಡಬೇಡಿ

“ಬಿತ್ತು,” ಎಂದ ಸೆಟೊ.

ಕಂಪ್ಯೂಟರಿನ ಆಟ ಇನ್ನೂ ಬಿದ್ದಿರಲಿಲ್ಲ. ಮೌಸ್‌ನ ಬಾಣ ಮಾತ್ರ ಹಳಿಯ ಪಕ್ಕದ ಬಾಳೆಗಿಡದ ಮೇಲೆ ನಿಂತುಬಿಟ್ಟಿತ್ತು. ವೆನಿಂಗ್ ಮೌಸನ್ನು ಎಡಕ್ಕೆ ಎಳೆದಳು. ಬಲಕ್ಕೆ ಎಳೆದಳು. ಮೇಜಿಗೆ ಕುಟ್ಟಿದಳು. ಬಾಣ ಜಗ್ಗಲಿಲ್ಲ. ಆಮೇಲೆ ಹಳಿ, ಕಾಲುವೆ, ರೈಲ್ವೆ ಗೇಟು, ಬಾಳೆಗಿಡ ಎಲ್ಲವೂ ಒಂದೇ ಸಲಕ್ಕೆ ಮಾಯವಾದವು. ಪರದೆಯ ಮೇಲೆ ಬರೀ ಖಾಲಿ ಡೆಸ್ಕ್‌ಟಾಪ್ ಉಳಿಯಿತು.

ಸೆಟೊ ಮೂಗು ಹಿಡಿದುಕೊಂಡು ಸ್ಟೇಷನ್ ಮೈಕಿನ ಹೆಂಗಸಿನ ದನಿ ತೆಗೆದ. “ಪ್ರಯಾಣಿಕರ ಗಮನಕ್ಕೆ. ಕುಮಾರಿ ವೆನಿಂಗ್ ಅವರ ಬಾಳೆತೋಟದ ಭಾರ ತಾಳಲಾರದೆ ಇಂದಿನ ಎಲ್ಲ ರೈಲುಗಳನ್ನು ರದ್ದುಪಡಿಸಲಾಗಿದೆ. ನಿಮಗಾದ ಅನಾನುಕೂಲಕ್ಕೆ ಕುಮಾರಿ ವೆನಿಂಗ್ ವಿಷಾದಿಸುತ್ತಾರೆ.”

“ಮಾಸ್, ಸುಮ್ನಿರು.” ಅಣ್ಣನನ್ನು ಅವಳು ಮಾಸ್ ಎಂದೇ ಕರೆಯುತ್ತಿದ್ದಳು, ಬೈಯುವಾಗಲೂ.

“ಕೊನೇ ಸಲ ಸೇವ್ ಮಾಡಿದ್ದು ಯಾವಾಗ?”

“ಗೇಟ್ ಇಟ್ಟ ಮೇಲೆ.”

“ಹಾಗಾದ್ರೆ ಹೋಗಿದ್ದು ಬಾಳೆ ಮಾತ್ರ. ಒಂದು ಗೊನೆಯೂ ಬಿಟ್ಟಿರ್ಲಿಲ್ಲ, ಬಿಡು.”

ಆ ಕಂಪ್ಯೂಟರ್ ಮುಚ್ಚಿಹೋದ ಯಾವುದೋ ಇಂಟರ್ನೆಟ್ ಅಂಗಡಿಯಿಂದ ಬಂದಿತ್ತು. ಕೀಬೋರ್ಡಿನ ಅರ್ಧದಷ್ಟು ಅಕ್ಷರಗಳು ಅಳಿಸಿಹೋಗಿದ್ದವು. ಮೇಜಿನ ಕಾಲುಗಳ ಕೆಳಗೆ ಇಟ್ಟಿಗೆ ಇತ್ತು. ಯಾಕೆಂದರೆ ಕಡಲತಡಿಯ ಊರು ಸೆಮಾರಾಂಗ್‌ನ ಆ ಓಣಿಗೆ ಸಮುದ್ರದ ನೀರು ಬಾಗಿಲು ತಟ್ಟದೆ ಬರುತ್ತಿತ್ತು.

ಆ ಕಂಪ್ಯೂಟರಿನಲ್ಲಿ ರೈಲು ಓಡಿಸುವ ಒಂದು ಆಟ ಇತ್ತು. ಓಡಿಸುವುದಕ್ಕಿಂತ ಮಜಾ ಇದ್ದದ್ದು ರೈಲುದಾರಿ ಕಟ್ಟುವುದರಲ್ಲಿ. ಬರಿನೆಲದ ಮೇಲೆ ಹಳಿ ಎಳೆಯಬಹುದು, ಕಾಲುವೆ ತೋಡಬಹುದು, ಮರ ನೆಡಬಹುದು, ಮನೆ ಇಡಬಹುದು. ಸೆಟೊ ದೊಡ್ಡ ದೊಡ್ಡ ಸ್ಟೇಷನ್‌ಗಳನ್ನೇ ಕಟ್ಟಿ, ಕಳೆದುಕೊಂಡು, ಮತ್ತೆ ಕಟ್ಟಿದವನು. ಹಾಗಾಗಿ ತಂಗಿಗೆ ಪಾಠ ಹೇಳುವ ಹಕ್ಕು ತನಗಿದೆ ಎಂದುಕೊಂಡಿದ್ದ. ಹೇಳುವಾಗ ಹೆಡ್‌ಮಾಸ್ಟರರಂತೆ ಹೊಟ್ಟೆ ಮುಂದೆ ಮಾಡಿ, ಇಲ್ಲದ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದ.

“ನೋಡಮ್ಮ, ಒಂದೇ ಕಡೆ ಕಾಡು ಬೆಳೆಸಬಾರದು. ನಕ್ಷೆಯ ಚೌಕದ ಅಂಚಲ್ಲಿ ನೆಲ ಎತ್ತಬಾರದು, ಅಲ್ಲೇ ಇದು ಸಾಯೋದು. ಒಂದು ಮನೆ ಇಟ್ಟೆಯಾ, ಒಂದು ಸೇವ್. ಪ್ರತೀ ಸಲ ಹೊಸ ಹೆಸರು ಕೊಡಬೇಕು, ಹಳೇದರ ಮೇಲೆ ಬರೀಬಾರದು. ಸೇವ್ ಆಗ್ತಿರೋವಾಗ ಎರಡೂ ಕೈ ಮಡಿಲಲ್ಲಿ. ಕೆರ್ಕೊಳ್ಳೋ ಹಾಗೂ ಇಲ್ಲ.”

“ಮೂಗು ಕೆರೆದ್ರೆ?”

“ಕ್ಲಾಸಿಂದ ಹೊರಗೆ.”

ವೆನಿಂಗ್ ನಗಾಡಿದಳು. ಆದರೆ ಹೇಳಿದ್ದನ್ನೆಲ್ಲ ಪಾಲಿಸಿದಳು. ಅವಳು ಕಟ್ಟುತ್ತಿದ್ದದ್ದು ಅವಳದೇ ಓಣಿ. ಅದೂ ಗೆಳತಿ ತಿಯಾಸ್‌ಗಾಗಿ.

ಆ ಓಣಿಯ ನೆಲ ಕುಸಿಯುತ್ತಲೇ ಇತ್ತು. ಜನ ಮಣ್ಣು ತಂದು ಸುರಿದು ಮನೆಯೊಳಗಿನ ನೆಲ ಎತ್ತರಿಸುತ್ತಿದ್ದರು. ಆಮೇಲೆ ರಸ್ತೆ ಎತ್ತರಿಸುತ್ತಿದ್ದರು. ಆಮೇಲೆ ಮತ್ತೆ ಮನೆ. ತಿಯಾಸ್‌ಳ ಮನೆ ಕಾಲುವೆ ಬದಿಯ ಕೊನೆಯದು. ಅಲ್ಲಿ ಇನ್ನು ಎಷ್ಟು ಮಣ್ಣು ಸುರಿದರೂ ಪ್ರಯೋಜನವಿರಲಿಲ್ಲ. ಅವರು ಬೆಟ್ಟದ ಮೇಲಿನ ಉಂಗಾರಾನ್‌ಗೆ, ಮಾವನ ಮನೆಗೆ ಹೊರಟಿದ್ದರು.

“ಅಲ್ಲಿ ರೈಲೇ ಇಲ್ವಂತೆ ಕಣೇ,” ಎಂದಿದ್ದಳು ತಿಯಾಸ್ ಒಂದು ದಿನ, ಹಳಿಯ ಪಕ್ಕದ ಕಟ್ಟೆಯ ಮೇಲೆ ಕೂತು. “ಗೋಡೆ ಅಲ್ಲಾಡದೆ ನಿದ್ದೆ ಹೇಗೆ ಬರತ್ತೆ?”

ವೆನಿಂಗ್ ಕಟ್ಟೆಯಿಂದ ಇಳಿದಳು. ಮನೆಗೆ ಬಂದವಳೇ ಕಂಪ್ಯೂಟರಿನ ಮುಂದೆ ಕೂತಳು. ಮಾವನ ಮನೆಯಲ್ಲಿ ಲ್ಯಾಪ್‌ಟಾಪ್ ಇತ್ತು. ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟರೆ ತಿಯಾಸ್ ಅಲ್ಲಿ ಕೂತೇ ರೈಲು ಓಡಿಸಬಹುದು, ತನ್ನ ಮನೆಯ ಮುಂದೆಯೇ ಹಾದುಹೋಗಬಹುದು.

ಗುಟ್ಟಿನ ಕೆಲಸ. ತಿಯಾಸ್ ಕರೆದಾಗಲೆಲ್ಲ ವೆನಿಂಗ್ “ನಾಳೆ ಬರ್ತೀನಿ” ಅನ್ನುತ್ತಿದ್ದಳು. ಸಾಮಾನು ಕಟ್ಟುವಾಗ “ಒಂಚೂರು ಹಗ್ಗ ಹಿಡ್ಕೊಳ್ಳೇ” ಎಂದು ಕರೆದಾಗಲೂ ಅದನ್ನೇ ಅಂದಳು.

ಶುಕ್ರವಾರ ವೆನಿಂಗ್‌ಳ ಹುಟ್ಟುಹಬ್ಬ. ಮಾರನೇ ದಿನ ಬೆಳಿಗ್ಗೆ ತಿಯಾಸ್ ಹೊರಡುವುದು.

ಆ ದಿನ ಯಾರಿಗೂ ಏನೂ ನೆನಪಿರಲಿಲ್ಲ. ಅಮ್ಮ ಹುಟ್ಟುಹಬ್ಬದ ಹಳದಿ ಅನ್ನದ ಬದಲು ಎಂದಿನಂತೆ ಬಿಳಿ ಅನ್ನ, ಹುರಿದ ಸೋಯಾಕಾಳಿನ ತೆಂಪೆ ಬಡಿಸಿ, “ಬೇಗ ತಿನ್ನು, ಓಣಿಗೆ ನೀರು ಬರೋ ಮುಂಚೆ ಹೊರಡು” ಎಂದರು. ಶಾಲೆಯಲ್ಲಿ ತಿಯಾಸ್ ಬ್ಯಾಗು ಎತ್ತಿಕೊಂಡು ಹಿಂದಿನ ಬೆಂಚಿಗೆ, ಸಹಪಾಠಿ ದಾಮರ್ ಪಕ್ಕಕ್ಕೆ ಹೋಗಿ ಕೂತಳು.

“ತಿಯಾಸ್?”

“ನಂಗೆ ಜಾಗ ಬಿಡ್ಬೇಡ. ಹೋಗು, ನಿನ್ನ ಕಂಪ್ಯೂಟರ್ ಪಕ್ಕ ಕೂತ್ಕೊ.”

“ಏನಾಯ್ತೇ?”

“ನಾಳೆ ಹೇಳ್ತೀನಿ,” ಎಂದಳು ತಿಯಾಸ್, ವೆನಿಂಗ್‌ಳದೇ ದನಿಯಲ್ಲಿ. ದಾಮರ್ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡ.

ವೆನಿಂಗ್ ತನ್ನ ಬೆಂಚಿನಲ್ಲಿ ಒಬ್ಬಳೇ ಕೂತಳು. ತಿಯಾಸ್‌ಗೆ ಕೋಪ ಬರಬೇಕಾದದ್ದೇ, ಅನ್ನಿಸಿತು. ಇಡೀ ತಿಂಗಳು ನಾನು ಹೋಗಲಿಲ್ಲವಲ್ಲ. ಸಂಜೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ. ಸಂಜೆಗೆ ಮುಗಿಸಲೇಬೇಕು.

ಮನೆಗೆ ಬಂದು ಕೊನೆಯ ವಸ್ತು ಇಟ್ಟಳು. ತಿಯಾಸ್‌ಳ ಮನೆಯೆದುರಿನ ಬಟ್ಟೆ ಒಣಗಿಸುವ ಹಗ್ಗ. ಸೇವ್ ಒತ್ತಿದಳು.

‘ಜಾಗ ಸಾಲದು’ ಎಂದಿತು ಕಂಪ್ಯೂಟರ್.

ಸೆಟೊ ಇನ್ನೂ ಬಂದಿರಲಿಲ್ಲ. ಪೆನ್‌ಡ್ರೈವ್ ಅವನ ಜೇಬಿನಲ್ಲಿತ್ತು. ವೆನಿಂಗ್ ಫೋಲ್ಡರ್ ತೆರೆದು ನೋಡಿದಳು. ಓಣಿ, ಹೊಸಾ ಓಣಿ, ಇನ್ನೂ ಹೊಸಾ ಓಣಿ, ನಿಜವಾಗ್ಲೂ ಹೊಸಾ ಓಣಿ. ಒಂದೊಂದು ಸಲಕ್ಕೆ ಒಂದೊಂದು ಹೆಸರು ಕೊಟ್ಟು ಇಟ್ಟ ಹಳೆಯ ನಕಲುಗಳು ಅಲ್ಲಿ ಸಾಲಾಗಿ ಕೂತಿದ್ದವು. ಎಲ್ಲ ಮನೆಗಳಿರುವ ಓಣಿ ಎದುರಿಗೇ ಪರದೆಯ ಮೇಲೆ ಇರುವಾಗ ಅರ್ಧಂಬರ್ಧ ಓಣಿಗಳು ಇನ್ನೇಕೆ? ಒಂದೊಂದಾಗಿ ಅಳಿಸಿದಳು. ಎಲ್ಲಕ್ಕಿಂತ ಮೊದಲಿನದನ್ನು ಮಾತ್ರ ಅಳಿಸಲು ಮನಸ್ಸಾಗಲಿಲ್ಲ. ಅದನ್ನು ಬಿಟ್ಟಳು.

ಆಮೇಲೆ ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಕೂಗಿ ಹೇಳಿದಳು. “ಬು, ಈಗ ನೀರಿನ ಪಂಪ್ ಹಾಕ್ಬೇಡ. ರೈಸ್ ಕುಕ್ಕರ್ ಕೂಡ. ಕರೆಂಟ್ ಟ್ರಿಪ್ ಆಗತ್ತೆ.”

“ಹಾಕಲ್ಲ ಮಾರಾಯ್ತಿ.” ಅಮ್ಮನ ದನಿಯಲ್ಲಿ ಯಾಕೋ ನಗು ಇತ್ತು.

ವೆನಿಂಗ್ ಸೇವ್ ಒತ್ತಿದಳು. ‘ಸೇವ್ ಆಗುತ್ತಿದೆ, ಆಫ್ ಮಾಡಬೇಡಿ’ ಎಂಬ ಸಾಲು ಬಂತು. ಅದರ ಕೆಳಗೆ ಹಸಿರು ಪಟ್ಟಿ ಬಸವನಹುಳುವಿನಂತೆ ತೆವಳತೊಡಗಿತು. ಅವಳು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಮೂಗು ತುರಿಸಿತು. ಕೆರೆದುಕೊಳ್ಳಲಿಲ್ಲ. ಪಟ್ಟಿ ಅರ್ಧ ದಾಟಿತು.

ಟಕ್.

ದೀಪ ಹೋಯಿತು. ಫ್ಯಾನು ನಿಂತಿತು. ಪರದೆ ಕಪ್ಪಾಯಿತು.

“ಬು, ಪಂಪ್ ಹಾಕಿದ್ಯಾ?”

ಕತ್ತಲಲ್ಲಿ ಯಾರೋ ಕಿಸಕ್ಕೆಂದರು. ತಲೆಯ ಮೇಲೆ ಏನೋ ಮೆತ್ತಗೆ ಸುರಿಯಿತು. ಹಿಟ್ಟು. ಅದರ ಮೇಲೆ ತಣ್ಣಗೆ ಒಂದು ಮೊಟ್ಟೆ ಒಡೆಯಿತು. ಬಾಗಿಲಲ್ಲಿ ಹುಟ್ಟುಹಬ್ಬದ ಮೇಣದಬತ್ತಿ ಹೊತ್ತಿಕೊಂಡಿತು. ಬತ್ತಿಯ ಹಿಂದೆ ಅಮ್ಮ, ದಾಮರ್, ಎಲ್ಲರಿಗಿಂತ ಮುಂದೆ ತಿಯಾಸ್.

“ಮುಖ ನೋಡೋ ಇವಳದು,” ತಿಯಾಸ್ ಹೊಟ್ಟೆ ಹಿಡಿದುಕೊಂಡು ಬಗ್ಗಿದಳು. “ನಿಜವಾಗ್ಲೂ ಕೋಪ ಅಂದ್ಕೊಂಡ್ಳು. ಬೆಳಗ್ಗಿಂದ ನಗು ತಡ್ಕೊಂಡು ತಡ್ಕೊಂಡು ನಂಗೆ ಹೊಟ್ಟೆನೋವು ಬಂತು.”

“ನಂಗೆ ಎರಡು ಸಲ ಒದ್ಲು, ನಗ್ಬೇಡ ಅಂತ,” ಎಂದ ದಾಮರ್.

“ಲೈಟ್ ಆರಿಸಿದ್ದು ಯಾರು ಹೇಳು? ನಾನೇ. ಸ್ಟೂಲೇ ಬೇಕಾಗಿರ್ಲಿಲ್ಲ.”

ಮೀಟರ್ ಪೆಟ್ಟಿಗೆ ಹೊರಗೋಡೆಯ ಮೇಲಿತ್ತು. ಹಿಂದೆ ಅದು ದೊಡ್ಡವರ ತಲೆಗಿಂತ ಮೇಲೆ ಇತ್ತಂತೆ. ಈಗ ಮಕ್ಕಳ ಕೈಗೆ ಸಿಗುತ್ತಿತ್ತು. ಪೆಟ್ಟಿಗೆ ಕೆಳಗೆ ಇಳಿದಿರಲಿಲ್ಲ, ಓಣಿ ಮೇಲೆ ಬಂದಿತ್ತು.

ದಾಮರ್ ಓಡಿಹೋಗಿ ಸ್ವಿಚ್ ಮೇಲೆತ್ತಿದ. ಬೆಳಕು ಬಂತು. ಅಷ್ಟರಲ್ಲಿ ಸೆಟೊ ಡೋನಟ್ ಡಬ್ಬಿ ಹಿಡಿದು ಬಂದ. ಹಾಡಲು ಬಾಯಿ ತೆರೆದವನು ಕಪ್ಪು ಪರದೆ ನೋಡಿದ. ತಂಗಿಯ ಮುಖ ನೋಡಿದ.

“ಲೈಟ್ ಆರಿಸೋದು ಪ್ಲಾನ್‌ನಲ್ಲಿ ಇರ್ಲಿಲ್ವಲ್ಲ,” ಎಂದ ಮೆಲ್ಲಗೆ. “ವೆನಿಂಗ್, ನೀನು ಸೇವ್...”

ವೆನಿಂಗ್ ಅವನ ಕಾಲು ತುಳಿದಳು.

ಎಲ್ಲರೂ ಡೋನಟ್ ಹಂಚಿಕೊಳ್ಳುವಾಗ ಇಬ್ಬರೂ ಕಂಪ್ಯೂಟರ್ ಹಚ್ಚಿದರು. ‘ಈ ಫೈಲನ್ನು ಓದಲಾಗುತ್ತಿಲ್ಲ.’ ಸೆಟೊ ಇನ್ನೊಂದು ದಾರಿಯಿಂದ ತೆರೆದು ನೋಡಿದ. ಮತ್ತೊಂದು ದಾರಿ ನೋಡಿದ. ಅವನ ಬಾಯಲ್ಲಿ ಈಗ ಸ್ಟೇಷನ್ ಮೈಕೂ ಇರಲಿಲ್ಲ, ಹೆಡ್‌ಮಾಸ್ಟರೂ ಇರಲಿಲ್ಲ.

“ಹಳೇವು ಎಲ್ಲಿ?”

“ಅಳಿಸ್ದೆ. ಜಾಗ ಇರ್ಲಿಲ್ಲ.”

“ಎಲ್ಲಾನೂ?”

“ಮೊದಲನೇದು ಇದೆ.”

ಮೊದಲನೆಯದು ತೆರೆದುಕೊಂಡಿತು. ಹಳಿ ಇತ್ತು. ಕಾಲುವೆ ಇತ್ತು. ಎರಡರ ನಡುವೆ ಕಂದು ಬಣ್ಣದ ಬರಿನೆಲ. ಒಂದು ಗೋಡೆಯಿಲ್ಲ, ಒಂದು ಗಿಡವಿಲ್ಲ. ವೆನಿಂಗ್ ಅದನ್ನೇ ನೋಡುತ್ತ ಕೂತಳು. ಎಲ್ಲರೂ ಹೋದ ಮೇಲೆ ಓಣಿ ಹೀಗೇ ಕಾಣಬಹುದು.

“ಏನದು, ನಂಗೂ ತೋರ್ಸು.” ತಿಯಾಸ್ ಬಂದು ಅವಳ ಭುಜಕ್ಕೆ ಗದ್ದ ಊರಿದಳು. ಬೆರಳಿಂದ ಮೊಣಕೈವರೆಗೂ ಹಿಟ್ಟು ಮೆತ್ತಿತ್ತು. ಸಾಮಾನು ಕಟ್ಟುವ ಹಗ್ಗ ಎಳೆದು ಎಳೆದು ಅಂಗೈಯಲ್ಲಿ ಕೆಂಪು ಗೆರೆಗಳು ಎದ್ದಿದ್ದವು. “ಈ ತಿರುವು... ಇದು ನಮ್ಮ ಹಳಿ ಅಲ್ವಾ? ಮನೆಗಳೆಲ್ಲಿ?”

ಸೆಟೊ ಬಾಯಿ ತೆರೆದ.

“ಇನ್ನೂ ಇಟ್ಟಿಲ್ಲ,” ಎಂದಳು ವೆನಿಂಗ್, ಅವನಿಗಿಂತ ಮೊದಲು.

“ಒಂದು ತಿಂಗಳು ನನ್ನ ಬಿಟ್ಟು ಕೂತು ಮಾಡಿದ್ದು ಇಷ್ಟೇನಾ? ಆಮೆಗೆ ಕೊಟ್ಟಿದ್ರೂ ಎರಡು ಮನೆ ಇಟ್ಟಿರೋದು.” ತಿಯಾಸ್ ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು, “ಅಥವಾ ನಾನು ಲೈಟ್ ಆರಿಸಿದ್ದಕ್ಕೆ ಏನಾದ್ರೂ ಹೋಯ್ತಾ?”

“ಏನೂ ಇಲ್ವೇ. ನಾನೇ ನಿಧಾನ.”

“ಹಾಗಾದ್ರೆ ಮೊದ್ಲು ನಮ್ಮನೆ ಇಡು. ಇಲ್ಲಿ.” ತಿಯಾಸ್ ಪರದೆಯ ಮೇಲೆ ಬೆರಳಿಟ್ಟಳು. ಸರಿಯಾಗಿ ಅಲ್ಲೇ, ಹಿಟ್ಟಿನ ಒಂದು ಬಿಳಿ ಚುಕ್ಕೆ ಉಳಿಯಿತು. “ಬಾಗಿಲು ನೀಲಿ.”

ಆ ನೀಲಿ ಸಿಗುವ ತನಕ ವೆನಿಂಗ್ ಎಷ್ಟೋ ಸಂಜೆ ಬಣ್ಣ ಬೆರೆಸಿದ್ದಳು.

“ಯಾವ ನೀಲಿ?” ಎಂದು ಕೇಳಿದಳು.

“ದಿನಾ ನೋಡ್ತೀಯಲ್ಲೇ. ಚಿಕ್ಕಪ್ಪ ದೋಣಿಗೆ ಬಳಿದು ಉಳಿಸಿದ್ದು. ಕೆಳಗಡೆ ಉಪ್ಪು ಹತ್ತಿ ಬೆಳ್ಳಗಾಗಿದೆ ನೋಡು, ಅದನ್ನೂ ಹಾಕು.”

“ಹಾಕ್ತೀನಿ.”

“ಆದ್ರೆ ಬಾಗಿಲು ಮಾತ್ರ ಎತ್ತರ ಇಡು. ನೆಲ ಎತ್ತಿ ಎತ್ತಿ ನಮ್ಮಪ್ಪಂಗೆ ಅದು ಹಣೆಗೇ ಬರತ್ತೆ. ದಿನಾ ಹೀಗೆ.” ತಿಯಾಸ್ ಬಾಗಿಲಾಚೆ ಹೋದಳು. ಕೈಬೀಸಿಕೊಂಡು ಗಂಭೀರವಾಗಿ ಒಳಗೆ ಬಂದಳು. ಠಪ್ ಎಂದು ಇಲ್ಲದ ಚೌಕಟ್ಟಿಗೆ ಹಣೆ ಬಡಿಸಿಕೊಂಡಳು. ಹಣೆ ಉಜ್ಜುತ್ತ ದಪ್ಪ ದನಿಯಲ್ಲಿ, “ಇದನ್ನ ಇಲ್ಲಿ ಇಟ್ಟೋರು ಯಾರು? ನಿನ್ನೆ ಇರ್ಲಿಲ್ಲ,” ಎಂದಳು.

ದಾಮರ್‌ನ ಬಾಯಿಂದ ಡೋನಟ್ ಚೂರು ಹಾರಿತು. ಅಮ್ಮ ತಲೆವಸ್ತ್ರದ ತುದಿಯಲ್ಲಿ ಬಾಯಿ ಮುಚ್ಚಿಕೊಂಡರು. ಸೆಟೊ ಮಾತ್ರ ತಂಗಿಯನ್ನೇ ನೋಡುತ್ತಿದ್ದ.

ವೆನಿಂಗ್ ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕಳು. ತಲೆಯಿಂದ ಹಿಟ್ಟು ಉದುರಿ ಕೀಬೋರ್ಡ್ ಬೆಳ್ಳಗಾಗುವಷ್ಟು ನಕ್ಕಳು.

“ಅಷ್ಟೊಂದು ನಗು ಬಂತೇನೇ?” ತಿಯಾಸ್‌ಗೇ ಆಶ್ಚರ್ಯ.

“ಹೂಂ.” ವೆನಿಂಗ್ ಮುಂಗೈಯಿಂದ ಕಣ್ಣೊರೆಸಿಕೊಂಡಳು. ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಳು. “ಇನ್ನೊಂದ್ಸಲ ಮಾಡಿ ತೋರ್ಸು. ನಿಧಾನಕ್ಕೆ.”