ಪ್ರಾರ್ಥನೆ ಹೇಳದವರ ಪಟ್ಟಿ

"ಬಾಯಿ ಮುಚ್ಚಿಕೊಂಡು ನಿಂದರಬೇಕು, ತಿಳೀತಿಲ್ಲೋ?" ಮಾನಸಿಯ ಜಡೆಗೆ ರಿಬ್ಬನ್ ಬಿಗಿಯುತ್ತ ಅಜ್ಜಿ ಹೇಳಿದರು. "ಮನ್ಯಾಗ ಸೂತಕ ಅದ. ಹದಿಮೂರು ದಿನಾ ದೇವರ ಹಾಡು ಅನಬಾರದು."

"ಅಜ್ಜಿ, ನಾ ಮಾನಿಟರ್! ಪ್ರಾರ್ಥನಾ ಶುರು ಮಾಡಾಕಿನ ನಾನು."

"ಇಂದ್ರಲೋಕದ ಮಾನಿಟರ್ ಆದ್ರೂ ಅಷ್ಟ."

ಅಜ್ಜ ತೀರಿಹೋಗಿ ನಾಲ್ಕು ದಿನವಾಗಿತ್ತು. ಬಂದಿದ್ದ ನೆಂಟರೆಲ್ಲ ನಿನ್ನೆ ಸಂಜೆಯ ಬಸ್ಸಿಗೆ ಹೋಗಿದ್ದರು. ಇವತ್ತು ಎಂದಿನಂತೆ ಕುಕ್ಕರ್ ಕೂಗಿತು. ವಾರಕ್ಕೊಮ್ಮೆ ಬರುವ ನಳದ ನೀರೂ ಬಂತು. ಅಮ್ಮ ಅಜ್ಜನ ಕಪ್ಪಿಗೂ ಚಹಾ ಸುರಿದು, ಸ್ವಲ್ಪ ಹೊತ್ತು ನೋಡುತ್ತ ನಿಂತು, ಆಮೇಲೆ ತಾನೇ ಕುಡಿದಳು.

ಮಾನಸಿ ಚೀಲ ಹಾಕಿಕೊಂಡು ಶಾಲೆಗೆ ಹೊರಟಳು.

ಅವಳ ಶಾಲೆಯಲ್ಲಿ ಬೆಳಿಗ್ಗೆ ಎಲ್ಲರೂ ಕೈಮುಗಿದು ಶಾರದೆಯ ಪ್ರಾರ್ಥನೆ ಹೇಳಬೇಕು. ಯಾರು ಹೇಳುವುದಿಲ್ಲವೋ ಅವರ ಹೆಸರನ್ನು ಮಾನಿಟರ್ ವಾರದಲ್ಲಿ ಒಂದು ದಿನ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಐದು ಸಲ ಹೆಸರು ಬಂತೆಂದರೆ ಯಾವ ಸ್ಪರ್ಧೆಗೂ ಕಳಿಸುವುದಿಲ್ಲ. ಅದು ಹೆಡ್‌ಮಾಸ್ತರರ ರೂಲ್.

ಅವಳ ಐದನೇ ಕ್ಲಾಸಿನ ಪುಟದಲ್ಲಿ ಸಹಪಾಠಿ ಅಲ್ಫಿಯಾಳ ಹೆಸರು ನಾಲ್ಕು ಸಲ ಇತ್ತು. ನಾಲ್ಕೂ ಮಾನಸಿಯ ದುಂಡಗಿನ ಅಕ್ಷರ.

ಮೊದಲನೇ ಸಲವೇ ಅಲ್ಫಿಯಾ ಹೇಳಿದ್ದಳು: "ನಮ್ಮ ಮನ್ಯಾಗ ಅಲ್ಲಾನ ಬಿಟ್ಟು ಬ್ಯಾರೆ ಪ್ರಾರ್ಥನಾ ಅನಬ್ಯಾಡ ಅಂದಾರ. ನಾ ಗದ್ದಲಾ ಮಾಡಂಗಿಲ್ಲ, ಸುಮ್ಮನ ನಿಂತಿರ್ತೇನಿ. ಬರೀಬ್ಯಾಡ."

"ರೂಲ್ ಅಂದ್ರ ರೂಲ್," ಎಂದಿದ್ದಳು ಮಾನಸಿ.

ಇವತ್ತು ಬೇರೆ ಹುಡುಗಿ ಪ್ರಾರ್ಥನೆ ಶುರು ಮಾಡಿದಳು. ಮುಂದಿನ ಸಾಲಿನಲ್ಲಿ ಮಾನಸಿ ತುಟಿ ಬಿಗಿದು ನಿಂತಳು. ಸುಮ್ಮನಿರುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತೇ ಇರಲಿಲ್ಲ. ಸುತ್ತಲೂ ಹಾಡು. ನಾಲಿಗೆ ತಾನಾಗಿಯೇ ಹೊರಳುತ್ತಿತ್ತು. ಹಿಂದಿನಿಂದ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನಿಸಿ ಕಿವಿ ಬಿಸಿಯಾಯಿತು.

ಓರೆಗಣ್ಣಿನಿಂದ ಪಕ್ಕಕ್ಕೆ ನೋಡಿದಳು. ಅಲ್ಫಿಯಾಳೂ ತುಟಿ ಬಿಗಿದು ನೆಲ ನೋಡುತ್ತಿದ್ದಳು. ಅವಳ ಕಿವಿಯೂ ಕೆಂಪಗಾಗಿತ್ತು.

ಕ್ಲಾಸಿಗೆ ಬಂದದ್ದೇ ತಡ, ಎರಡನೇ ಮಾನಿಟರ್ ಫಕೀರೇಶ ನೋಟ್‌ಬುಕ್ ಎತ್ತಿ ಹಿಡಿದ. "ಟೀಚರ್, ಇಬ್ರು ಅಂದಿಲ್ರಿ! ಹೆಸರು ಬರದೇನ್ರಿ. ಒಬ್ಬಾಕಿ ಮಾನಿಟರ್ರ ಅದಾಳ್ರಿ!"

"ಏ ಫಕೀರ್ಯಾ, ಮಾನಸಿ ಮನ್ಯಾಗ ಸೂತಕ ಐತಿ. ಅಕಿ ಹೆಸರು ಹೊಡದ ಹಾಕು," ಎಂದರು ದ್ರಾಕ್ಷಾಯಿಣಿ ಟೀಚರ್. ಮಾನಸಿಯ ತಲೆಯ ಮೇಲೆ ಕೈಯಿಟ್ಟು ಕೇಳಿದರು, "ನಾಷ್ಟಾ ಮಾಡಿ ಬಂದೀ ಇಲ್ಲವಾ?"

ಫಕೀರೇಶ ಸ್ಕೇಲ್ ಇಟ್ಟು ಒಂದು ಗೆರೆ ಎಳೆದ. ಅಷ್ಟೇ. ಮಾನಸಿಯ ಹೆಸರು ಹೋಯಿತು.

"ಅಲ್ಫಿಯಾಂದು ಐದಾತ್ರಿ, ಟೀಚರ್."

ಟೀಚರ್ ನಿಟ್ಟುಸಿರು ಬಿಟ್ಟರು. "ಅಯ್ಯ... ಇವತ್ತ ಪ್ರತಿಭಾ ಕಾರಂಜಿಗೆ ಹೆಸರು ಕಳಸೂದೈತಿ. ಭಾಷಣಕ್ಕ ಬ್ಯಾರೆಯವರನ್ನ ಹಾಕಬೇಕಾತು."

ಅಲ್ಫಿಯಾ ಒಂದು ತಿಂಗಳಿಂದ 'ನಮ್ಮೂರಿನ ಕೆರೆ' ಭಾಷಣ ಬಾಯಿಪಾಠ ಮಾಡಿದ್ದಳು. ಈಗ ಅವಳು ಫಕೀರೇಶ ಎಳೆದ ಗೆರೆಯನ್ನೇ ನೋಡುತ್ತಿದ್ದಳು.

"ಟೀಚರ್," ಮಾನಸಿ ಎದ್ದು ನಿಂತಳು. "ಅಕಿ ಹೆಸರೂ ಹೊಡೀರಿ."

"ಯಾಕವಾ? ಅಕಿ ಮನ್ಯಾಗೂ ಸೂತಕ ಐತೇನು?"

ಎಲ್ಲರೂ ಕಿಸಕ್ಕೆಂದು ನಕ್ಕರು.

"ಇಲ್ರಿ. ಅಕಿ ಮನ್ಯಾಗೂ ಅನಬ್ಯಾಡ ಅಂದಾರ್ರಿ. ನಂಗ ಹದಿಮೂರು ದಿನಾ. ಅಕಿಗೆ ದಿನಾಲೂ."

ಟೀಚರ್ ನೋಟ್‌ಬುಕ್ಕಿನ ಪುಟ ನೋಡಿದರು.

"ಮತ್ತ ನಾಕ ಸಲ ನೀನ ಯಾಕ ಬರದಿ?"

ಮಾನಸಿ, "ತಪ್ಪಾತ್ರಿ," ಎಂದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಟೀಚರ್ ನೋಟ್‌ಬುಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಹೆಡ್‌ಮಾಸ್ತರರ ಕೋಣೆಗೆ ಹೋದರು. ಬಹಳ ಹೊತ್ತಿನ ಮೇಲೆ ಮರಳಿ ಬಂದರು. "ಅಲ್ಫಿಯಾ, ನಿನ್ನ ಹೆಸರು ಕಳಿಸೇವಿ. ರೂಲಿನ ಮಾತು ಸೋಮವಾರ ಮಾತಾಡೂಣು ಅಂದಾರ ಸರ್."

ಅಲ್ಫಿಯಾ ಮಾನಸಿಯ ಕಡೆ ತಿರುಗಿಯೂ ನೋಡಲಿಲ್ಲ. ಗಂಟೆ ಬಾರಿಸಿದ ಕೂಡಲೇ ಚೀಲ ಹೆಗಲಿಗೇರಿಸಿ ಹೋಗಿಬಿಟ್ಟಳು.

ಸಂಜೆ ಅಮ್ಮ ಅಜ್ಜನ ಕಪಾಟು ತೆಗೆದು ಕೂತಿದ್ದಳು. ಕರವಸ್ತ್ರದಲ್ಲಿ ಸುತ್ತಿದ್ದ ಒಂದು ಭೂತಗನ್ನಡಿಯನ್ನು ಮಾನಸಿಯ ಕೈಗಿತ್ತಳು. "ಉಸ್ಮಾನಸಾಬ ಕಾಕಾರದು. ಪೇಪರ್ ಓದಲಿಕ್ಕೆ ಅಂತ ಅಜ್ಜ ಇಸ್ಕೊಂಡಿದ್ರು. ಕೊಟ್ಟ ಬಾ."

ಉಸ್ಮಾನಸಾಬರು ಗಡಿಯಾರ ರಿಪೇರಿ ಮಾಡುವವರು. ಅಲ್ಫಿಯಾಳ ತಾಯಿಯ ತಂದೆ.

"ಹೊರಗ ನಿಂತ ಕೊಡು," ಒಳಗಿನಿಂದ ಅಜ್ಜಿ ಕೂಗಿದರು. "ಸೂತಕದಾಗ ಯಾರ ಮನ್ಯಾಗೂ ಕಾಲಿಡಬ್ಯಾಡ."

ಬಾಗಿಲು ತೆರೆದವಳು ಅಲ್ಫಿಯಾ. "ಬಾ ಒಳಗ," ಎಂದಳು.

ಮಾನಸಿ ಹೆಜ್ಜೆ ಎತ್ತಲಿಲ್ಲ. "ಬರಂಗಿಲ್ಲ."

"ಯಾಕ? ನಮ್ಮ ಮನಿ ಅಂತನಾ?"

"ಅಲ್ಲ! ಸೂತಕ ಅಂತ... ಯಾರ ಮನಿಗೂ ಹೋಗಬ್ಯಾಡ ಅಂದಾರ ಅಜ್ಜಿ. ಖರೇನ."

ಅಲ್ಫಿಯಾ ನಂಬುತ್ತಾಳೋ ಇಲ್ಲವೋ. ಅವಳು ಹೇಳಿದ್ದನ್ನು ಮಾನಸಿ ನಾಲ್ಕು ಸಲ ಕೇಳಿಸಿಕೊಂಡಿರಲಿಲ್ಲ.

ಒಳಗೆ ಗಡಿಯಾರ ಬಿಚ್ಚಿಟ್ಟುಕೊಂಡು ಕೂತಿದ್ದ ಉಸ್ಮಾನಸಾಬರಿಗೆ ಮಾತು ಕೇಳಿಸಿತು. "ಬರಬ್ಯಾಡ ಅಂದಾರೇನ್ ಬೇಟಿ? ಆತಲ್ಲ. ನಾನ ಬರತೇನಿ."

ಮೊಣಕಾಲು ಹಿಡಿದುಕೊಂಡು ಎದ್ದು ಹೊರಗೆ ಬಂದರು. ಬಾಗಿಲ ಮೆಟ್ಟಿಲ ಮೇಲೆ ಮೆಲ್ಲಗೆ ಕೂತರು. ಅಲ್ಫಿಯಾ ಚಪ್ಪಲಿ ಹುಡುಕಿ ಹಾಕಿಕೊಂಡು ಬಂದು ಅವರ ಪಕ್ಕದಲ್ಲಿ ಕೂತಳು.

"ನಾಕ ಸಲ ಬರದಿ," ಎಂದಳು.

"ಹೂಂ."

"ಐದನೇದ್ದು ಬರೀಲಿಲ್ಲ."

"ಅದನ್ನ ಫಕೀರ್ಯಾ ಬರದಾ."

ಅಲ್ಫಿಯಾಳಿಗೆ ನಗು ತಡೆಯಲಾಗಲಿಲ್ಲ. ಆದರೂ ಮುಖ ಬೇರೆ ಕಡೆ ತಿರುಗಿಸಿಕೊಂಡಳು.

ಸೂತಕ ಅಂದರೇನು, ಹದಿಮೂರು ದಿನ ಯಾಕೆ, ಮೆಟ್ಟಿಲ ತನಕ ಬಂದವಳಿಗೆ ಹೊಸ್ತಿಲು ಯಾಕೆ ಬೇಡ ಎಂದು ಉಸ್ಮಾನಸಾಬರು ಈಗ ಕೇಳುತ್ತಾರೆ ಎಂದು ಮಾನಸಿ ಕಾದಳು. ಅವರು ಕೇಳಲೇ ಇಲ್ಲ. ಸ್ವಲ್ಪ ಸರಿದು, ಅವಳಿಗೂ ಮೆಟ್ಟಿಲ ಮೇಲೆ ಜಾಗ ಮಾಡಿದರು.

ಮಾನಸಿ ಕೂತು, ಕರವಸ್ತ್ರದ ಗಂಟು ಬಿಚ್ಚಿ, ಭೂತಗನ್ನಡಿಯನ್ನು ಎರಡೂ ಕೈಯಿಂದ ಅವರಿಗೆ ಕೊಟ್ಟಳು.