ಕೆನಡಾ ಗೆದ್ದ ಪುಟ

ಟ್ರಂಕಿನ ಬೀಗ ಸರಿಯಾಗಿಯೇ ಇತ್ತು. ಒಳಗಿದ್ದ ಹಸ್ತಪ್ರತಿ ಇರಲಿಲ್ಲ.

ಅಂಜನಮ್ಮ ನೆಲದ ಮೇಲೆ ಕುಳಿತುಬಿಟ್ಟರು. ಎಂಬತ್ತೆರಡು ಹಾಳೆ. ನಾಲ್ಕು ವರ್ಷದ ಮಧ್ಯಾಹ್ನಗಳು. ಲ್ಯಾಕ್ರೋಸ್ ವಿಶ್ವ ಪಂದ್ಯಾವಳಿಯ ಚರಿತ್ರೆ, ಕನ್ನಡದಲ್ಲಿ. ಬಲೆ ಕಟ್ಟಿದ ಕೋಲಿನಲ್ಲಿ ಚೆಂಡು ಹಿಡಿದು, ಓಡಿ, ಎಸೆಯುವ ಆಟ. ದಂಡು ಪ್ರದೇಶದ ಹುಡುಗಿಯರ ಶಾಲೆಯಲ್ಲಿ ಇಂಗ್ಲಿಷ್ ಟೀಚರೊಬ್ಬರು ಅದನ್ನು ಅಂಜನಮ್ಮನಿಗೆ ಕಲಿಸಿದ್ದರು. ಆಕೆ ಮ್ಯಾಂಚೆಸ್ಟರಿಗೆ ಮರಳಿದ ಮೇಲೂ ಪ್ರತಿ ಪಂದ್ಯಾವಳಿಯ ವಿವರವನ್ನು ಕಾಗದದಲ್ಲಿ ಬರೆದು ಕಳಿಸುತ್ತಿದ್ದರು.

೧೯೮೨ರ ಆಗಸ್ಟ್. ಸೋಮವಾರ. ಶುಕ್ರವಾರ ಸಂಜೆಯೊಳಗೆ ಹಸ್ತಪ್ರತಿ ಪ್ರಕಾಶಕ ಉಗ್ರಪ್ಪನವರ ಕೈ ಸೇರಬೇಕಿತ್ತು. ಇಲ್ಲದಿದ್ದರೆ ಅವರ ಆಟಗಳ ಪುಸ್ತಕಮಾಲೆಯಲ್ಲಿ ಆ ಜಾಗ ಬೇರೆಯವರಿಗೆ.

"ಕೆಂಪಕ್ಕ ಹಂಡೆ ಒಲೆಗೆ ಹಾಕಿರ್ತಾಳೆ," ಎಂದರು ಗಂಡ ರಾಮಯ್ಯ, ಆಫೀಸಿಗೆ ಹೊರಡುತ್ತ. "ಇನ್ಮೇಲೆ ಕೆಲಸಕ್ಕೆ ಬರೋದು ಬೇಡ ಅಂತ ಹೇಳ್ಬಿಟ್ಟಿದ್ದೀನಿ."

ಅಂಜನಮ್ಮ ಪಕ್ಕದ ಮನೆಯ ಬಾಗಿಲು ತಟ್ಟಿದರು. ಅಲ್ಲಿದ್ದವಳು ಉಮಾಮಹೇಶ್ವರಿ. ಉಗ್ರಪ್ಪನವರ ಪ್ರೆಸ್ಸಿನಲ್ಲೇ ಕರಡು ತಿದ್ದುವವಳು. ಇನ್ನೊಬ್ಬರ ತಪ್ಪು ಹುಡುಕುವುದೇ ಅವಳ ಹೊಟ್ಟೆಪಾಡು.

* * *

ಉಮಾ ಮೊದಲು ಒಲೆಯ ಬೂದಿ ಕೆದಕಿದಳು. ತೆಂಗಿನ ನಾರು. ಮರದ ಹೊಟ್ಟು. ಸುಟ್ಟ ಕಾಗದದ ಕರಿ ಪದರ ಒಂದೂ ಇಲ್ಲ.

ಕೆಂಪಕ್ಕ ಹಿತ್ತಲಲ್ಲಿ ನಿಂತು ಅಳುತ್ತಿದ್ದಳು.

"ತಾಯಾಣೆ ನಾನಲ್ಲ ಕಣಕ್ಕಾ. ನಂಗೆ ಓದಕ್ ಬರಲ್ಲ. ಅದ್ಕೇ ಅಕ್ಷರ ಇರೋ ಕಾಗದ ಕಾಲಿಗ್ ತಗುಲಿದ್ರೂ ಕಣ್ಣಿಗ್ ಒತ್ಕೋತೀನಿ. ಅದನ್ನ ಒಲೆಗ್ ಹಾಕ್ತೀನಾ?"

ಉಮಾ ಟ್ರಂಕು ನೋಡಿದಳು. ಇಂಗ್ಲೆಂಡಿನ ಕಾಗದಗಳ ಕಟ್ಟು ಹಾಗೇ ಇತ್ತು.

"ಒಲೆಗೆ ಕಾಗದ ಬೇಕಾದೋರು ಇದನ್ನ ಬಿಡ್ತಿದ್ರಾ ಆಂಟಿ? ತಿರುಗಿ ಬೀಗ ಹಾಕಿ ಹೋಗ್ತಿದ್ರಾ? ಇದು ಕಾಗದದ ಆಸೆ ಅಲ್ಲ. ಬರೆದಿದ್ದರ ಆಸೆ. ಬೀಗದ ಕೈ ಎಲ್ಲಿಡ್ತೀರಿ?"

"ದೇವರ ಪಟದ ಹಿಂದೆ."

"ಹೋದ ವಾರ ಯಾರ್ ಯಾರು ಬಂದಿದ್ರು?"

"ಹಳೇ ಪೇಪರ್ ಪಿಳ್ಳಣ್ಣ. ಆಮೇಲೆ ನಮ್ಮನೆಯೋರ ಸೂಪರಿಂಟೆಂಡೆಂಟ್ ಕೊಟ್ರಪ್ಪನೋರು ಊಟಕ್ಕೆ ಬಂದಿದ್ರು. ಹಾಲ್ ಬಿಟ್ಟು ಒಳಗೆ ಬರ್ಲಿಲ್ಲ."

ಪಿಳ್ಳಣ್ಣನ ಅಂಗಡಿ ಬನಶಂಕರಿಯಲ್ಲಿ. ಅವನು ನಕ್ಕುಬಿಟ್ಟ.

"ನಾನು ಗೇಟ್ ದಾಟಿದೋನೇ ಅಲ್ಲ ಮೇಡಂ. ಅಷ್ಟಕ್ಕೂ ಇಂಕಲ್ಲಿ ಬರ್ದಿರೋ ಕಾಗದ ಯಾರ್ಗ್ ಬೇಕು? ಪೊಟ್ಟಣ ಕಟ್ಟಿದ್ರೆ ಮಸಿ ಬೆಲ್ಲಕ್ಕೆ ಹತ್ತುತ್ತೆ!"

* * *

ಗುರುವಾರ ಉಮಾಳ ಮೇಜಿನ ಮೇಲೆ ಟೈಪಾದ ಪ್ರತಿಯೊಂದು ಬಂತು. ಲ್ಯಾಕ್ರೋಸಿನ ಚರಿತ್ರೆ. ಲೇಖಕರು: ಕೊಟ್ರಪ್ಪ.

"ಸಾರ್, ಇದು ಅಂಜನಮ್ಮನೋರದು!"

"ಅನುಮಾನ ಸಾಕ್ಷಿ ಅಲ್ಲಮ್ಮ," ಎಂದರು ಉಗ್ರಪ್ಪ. "ಲೈಬ್ರರೀಲಿ ಕೂತು ಬರೆದೆ ಅಂತಾರೆ. ನಾಳೆ ಸಂಜೆ ಅಚ್ಚಿನ ಮೊಳೆ ಜೋಡಿಸೋಕೆ ಕೊಡ್ತೀನಿ. ಅಷ್ಟರಲ್ಲಿ ತೋರಿಸು."

ಅವಳು ಓದಿದಳು. ಕಳ್ಳ ಜಾಣ. ಒಂದು ವಾಕ್ಯವನ್ನೂ ಹಾಗೇ ಬಿಟ್ಟಿರಲಿಲ್ಲ. ೧೯೬೭, ಟೊರಾಂಟೊ: ನಾಲ್ಕು ದೇಶ, ಗೆದ್ದದ್ದು ಅಮೆರಿಕ. ೧೯೭೪, ಮೆಲ್ಬರ್ನ್: ಮತ್ತೆ ಅಮೆರಿಕ. ೧೯೭೮, ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟ್: ಫೈನಲಿನಲ್ಲಿ ಅಮೆರಿಕ ೧೯–೧೭ರಿಂದ ಕೆನಡಾವನ್ನು ಸೋಲಿಸಿತು.

ಪೆನ್ಸಿಲ್ ನಿಂತಿತು.

ಆ ಫೈನಲನ್ನು ಅಂಜನಮ್ಮ ಕಾಂಪೌಂಡ್ ಗೋಡೆಯಾಚೆಯಿಂದ ಎಷ್ಟು ಸಲ ಹೇಳಿದ್ದರು! ಅದೇ ಪಂದ್ಯಾವಳಿಯಲ್ಲಿ ಮೊದಲು ಕೆನಡಾ ಅಮೆರಿಕದ ಕೈಯಲ್ಲಿ ೨೮–೪ರಿಂದ ಸೋತಿತ್ತು. "ಇಪ್ಪತ್ನಾಲ್ಕು ಗೋಲಲ್ಲಿ ಸೋತೋರು ಕಣೇ, ಮತ್ತೆ ಮೈದಾನಕ್ಕೆ ಇಳಿದ್ರು. ಗೆದ್ದೇಬಿಟ್ರು!" ಹೇಳುವಾಗಲೆಲ್ಲ ಅವರ ಧ್ವನಿ ಏರುತ್ತಿತ್ತು. ಮನೆಯಲ್ಲಿ ಎಂದೂ ಏರದ ಧ್ವನಿ. ಎಲ್ಲಿಯದೋ ದೇಶದ ಗೆಲುವು ಇವರಿಗೇಕೆ ಎಂದು ಉಮಾ ಆಗ ಯೋಚಿಸಿರಲಿಲ್ಲ. ಈಗ ಯೋಚಿಸಿದಳು.

ಎದ್ದು ಹೋಗಿ ಉಗ್ರಪ್ಪನವರ ಫೈಲು ತೆರೆದಳು. ಒಪ್ಪಿಗೆ ಕೇಳುವಾಗ ಅಂಜನಮ್ಮ ಒಂದು ಮಾದರಿ ಪುಟ ಕಳಿಸಿದ್ದರು. ಅದು ಆ ಫೈನಲಿನ ಪುಟವೇ.

* * *

ಶುಕ್ರವಾರ ಸಂಜೆ ನಾಲ್ಕು. ಪ್ರೆಸ್ಸಿನಲ್ಲಿ ಉಗ್ರಪ್ಪ, ಕೊಟ್ರಪ್ಪ, ಅಂಜನಮ್ಮ, ಉಮಾ.

"ಎಪ್ಪತ್ತೆಂಟರ ಸ್ಕೋರ್ ಎಲ್ಲಿ ಸಿಕ್ತು ಸಾರ್?" ಉಮಾ ಕೇಳಿದಳು.

"ಇಂಗ್ಲಿಷ್ ಮ್ಯಾಗಜೀನಲ್ಲಿ."

"ಅಮೆರಿಕ ಹತ್ತೊಂಬತ್ತು?"

"ಹತ್ತೊಂಬತ್ತೇ. ಕಣ್ಣಾರೆ ಓದಿದೀನಿ."

ಉಮಾ ಟೀಚರ ಕಾಗದ ಮುಂದಿಟ್ಟಳು. ಕೆನಡಾ ಹದಿನೇಳು, ಅಮೆರಿಕ ಹದಿನಾರು. ಹೆಚ್ಚುವರಿ ಅವಧಿಯಲ್ಲಿ ಒಂದೇ ಗೋಲಿನ ಗೆಲುವು. ಪಕ್ಕದಲ್ಲಿ ಮಾದರಿ ಪುಟ ಇಟ್ಟಳು.

"ಇಂಗ್ಲಿಷ್ ಅಂಕಿಯಲ್ಲಿ ಹದಿನಾರು ಹತ್ತೊಂಬತ್ತಾಗಿ ಕಾಣಲ್ಲ ಸಾರ್. ಕನ್ನಡ ಅಂಕಿಯಲ್ಲಿ ಕಾಣುತ್ತೆ. ನೋಡಿ, ಇವರ ಕೈಬರಹದ ೬. ಬಾಲ ಎಳೆದು ಎಳೆದು ೯ ಆಗಿದೆ. ನೀವು ಅಮೆರಿಕ ಹತ್ತೊಂಬತ್ತು ಅಂತ ಓದಿದ್ರಿ. ಆದ್ರೆ ವಾಕ್ಯದಲ್ಲಿ ಕೆನಡಾ ಗೆದ್ದಿತು ಅಂತಿತ್ತು. ಹೆಂಗಸು ತಪ್ಪು ಬರೆದಿದ್ದಾಳೆ ಅಂದ್ಕೊಂಡು ತಿದ್ದಿದ್ರಿ."

"ಹಂಗಾದ್ರೆ ೧೯೬೭ನ್ನ ನಾನು ಹೆಂಗ್ ಸರಿಯಾಗಿ ಓದ್ದೆ?"

"ತೊಂಬತ್ತೇಳನೇ ಇಸವಿ ಇನ್ನೂ ಬಂದಿಲ್ವಲ್ಲ ಸಾರ್!"

ಉಗ್ರಪ್ಪ ನಗು ತಡೆಯಲಿಲ್ಲ. ಕೊಟ್ರಪ್ಪನ ಮುಖ ಕಪ್ಪಿಟ್ಟಿತು.

"ನಾನು ಕದ್ದಿಲ್ಲ. ರಾಮಯ್ಯನೇ ಆಫೀಸಿಗೆ ತಂದುಕೊಟ್ಟ. ಹೆಂಗಸರ ಹವ್ಯಾಸ, ನಿಮ್ಮ ಹೆಸರಲ್ಲೇ ಹಾಕ್ಕೊಳ್ಳಿ ಸಾರ್ ಅಂದ. ಅವನನ್ನೇ ಕೇಳಿ."

ಉಮಾ ಅಂಜನಮ್ಮನ ಕಡೆ ನೋಡಲಿಲ್ಲ. ಅವಳಿಗೆ ಗೊತ್ತಿತ್ತು. ದೇವರ ಪಟದ ಹಿಂದಿನ ಬೀಗದ ಕೈ. ತಿರುಗಿ ಹಾಕಿದ ಬೀಗ. ಹುಡುಕುವ ಮೊದಲೇ ಕೆಲಸ ಕಳೆದುಕೊಂಡ ಕೆಂಪಕ್ಕ. ಎಲ್ಲ ಒಬ್ಬನನ್ನೇ ತೋರಿಸುತ್ತಿದ್ದವು. ಅದನ್ನು ತನ್ನ ಬಾಯಿಂದ ಹೇಳಲಾರದೆ ಹೋಗಿದ್ದಳು.

"ನನ್ನ ಹಾಳೆಗಳು ಈಗ ಎಲ್ಲಿವೆ?" ಎಂದು ಅಂಜನಮ್ಮ ಕೊಟ್ರಪ್ಪನನ್ನು ಕೇಳಿದರು.

ಅರ್ಧ ಗಂಟೆಯಲ್ಲಿ ಎಂಬತ್ತೆರಡು ಹಾಳೆ ಕೊಟ್ರಪ್ಪನ ಮನೆಯಿಂದ ಬಂದವು. ಉಗ್ರಪ್ಪ ಮೊದಲ ಪುಟ ತೆಗೆದರು. "ಹೆಸರು ಹೇಗೆ ಹಾಕ್ಲಮ್ಮ?"

"ತಡೀರಿ. ಮೊದಲು ಆ ಹದಿನಾರನ್ನ ಅಕ್ಷರದಲ್ಲಿ ಬರೀತೀನಿ," ಎಂದರು ಅಂಜನಮ್ಮ. "ಇನ್ನು ಯಾರೂ ಕೆನಡಾನ ಸೋಲಿಸೋದು ಬೇಡ."

* * *

ರಾಮಯ್ಯ ಆಗಷ್ಟೇ ಆಫೀಸಿನಿಂದ ಬಂದಿದ್ದರು. ಹೆಂಡತಿಯ ಮುಖ ನೋಡಿ ಎದ್ದು ನಿಂತರು.

"ಸಾಹೇಬ್ರು ಕೇಳಿದ್ರು. ಇಲ್ಲ ಅನ್ನೋಕಾಗ್ಲಿಲ್ಲ ಕಣೇ."

"ನನ್ನ ಒಂದು ಮಾತು ಕೇಳಬಹುದಿತ್ತು."

"ನೀನು ಬೇಡ ಅಂತಿದ್ದೆ."

"ಹೌದು. ಅದಕ್ಕೇ ಕೇಳಬೇಕಿತ್ತು." ಅವರ ಧ್ವನಿ ಏರಿತು. "ಅದಿರಲಿ. ಕೆಂಪಕ್ಕನ ಹೆಸರು ಯಾಕೆ ಹೇಳಿದ್ರಿ?"

ರಾಮಯ್ಯ ಮತ್ತೆ ಕುರ್ಚಿಯಲ್ಲಿ ಕುಳಿತರು.

"ನಡೀರಿ, ಅವಳ ಮನೆಗೆ. ಕಾಗದ ತೆಗೆದದ್ದು ನೀವೇ ಅಂತ ಅವಳಿಗೆ ಹೇಳಿ."

"ನಾಳೆ ಹೋಗಿ ಹೇಳ್ತೀನಿ ಬಿಡು."

"ಈಗಲೇ. ನಾನೂ ಬರ್ತೀನಿ. ನೀವು ಹೇಳೋದನ್ನ ನಾನು ಕೇಳ್ಬೇಕು."

ಚಪ್ಪಲಿ ಮೆಟ್ಟಿ, ಅಂಜನಮ್ಮ ಗೇಟು ತೆರೆದು ಹಿಡಿದು ನಿಂತರು.