ಅಮಾವಾಸ್ಯೆ ಕ್ಯಾಬಿನೆಟ್

ಕಲ್ಲೇಶನ ಬಲಗೈ ಕಲ್ಲಿನ ಕೆಳಗಿತ್ತು.

ಕಲ್ಲು ಇನ್ನೂ ಇಳಿದಿರಲಿಲ್ಲ!

ಇಳಕಲ್ಲಿನ ಕೆಂಪು ಗ್ರಾನೈಟು. ಎಮ್ಮೆಯಷ್ಟು ತೂಕದ ಚಪ್ಪಡಿ. ಚೈನ್ ಪುಲ್ಲಿಯಿಂದ ನೇತಾಡುತ್ತಿತ್ತು. ಅದರಡಿಯ ಕಟ್ಟೆ ಮೇಲೆ ಅವನ ಅಂಗೈ ಚಾಚಿ ಹಗ್ಗದಿಂದ ಬಿಗಿದಿದ್ದರು. ಸರಪಳಿ ಹಿಡಿದು ನಿಂತಿದ್ದವನು ಫ್ಯಾಕ್ಟರಿಯ ಆಳುಗಳ ಮೇಲಿನ ಮುಕಾದಮ ದುರಗಪ್ಪ. ಬಿಡು ಅಂದರೆ ಬಿಡುವವನು. ಯಾಕೆ ಅಂತ ಕೇಳುವ ಚಟ ಅವನಿಗಿಲ್ಲ.

"ಬಾ ಯಮನೂರ, ಬಾ! ಬರೋಬ್ಬರಿ ಟೈಮಿಗೆ ಬಂದಿ ನೋಡು," ಅಂದ ವಿಕ್ರಮ.

ಯಮನೂರ ಅಂದರೆ ನಾನೇ. ಬಾಗಲಕೋಟೆಯಲ್ಲಿ ನನಗೆ ಆಫೀಸಿಲ್ಲ, ಬೋರ್ಡಿಲ್ಲ. ಪೊಲೀಸರಿಗೆ ಹೇಳಲಾಗದ ಕೆಲಸ ಇದ್ದವರು ನನಗೆ ಫೋನ್ ಮಾಡುತ್ತಾರೆ. ಕೆಲಸ ಒಪ್ಪಿಕೊಂಡೆ ಅಂದರೆ ಮುಗಿಯುವವರೆಗೂ ನಾನು ಅವರ ಮನುಷ್ಯ. ಒಳ್ಳೆಯವರೋ ಕೆಟ್ಟವರೋ ನೋಡುವುದಿಲ್ಲ. ಮಾತಿಗೆ ನಿಲ್ಲುತ್ತಾರೋ ಇಲ್ಲವೋ ಅಷ್ಟೇ ನೋಡುತ್ತೇನೆ.

ವಿಕ್ರಮ ಇಳಕಲ್ಲಿನ ಆ ಕಲ್ಲು ಫ್ಯಾಕ್ಟರಿಯ ಒಡೆಯ. ಅಪ್ಪ ಸತ್ತ ಮೇಲೆ ಕಲ್ಲು ಕೊಯ್ಯುವುದನ್ನು ದುರಗಪ್ಪನಿಗೆ ಬಿಟ್ಟು, ತಾನು ಮಹಡಿ ರೂಮಿನಲ್ಲಿ ಕಂಪ್ಯೂಟರ್ ಗೇಮ್ ಆಡುತ್ತ ಕೂತಿದ್ದ. ಹುಡುಗಾಟ ಅಂದುಕೊಳ್ಳಬೇಡಿ! ಅವನು ಆಡುವುದನ್ನು ದೇಶವೆಲ್ಲ ಲೈವ್ ನೋಡುತ್ತದೆ. ಜಾಹೀರಾತಿಗೆ ಕಂಪನಿಗಳು ಬೆನ್ನು ಬೀಳುತ್ತವೆ.

"ಏನಾತ್ರಿ ಸಾವ್ಕಾರ್ರ?"

"ಮೊನ್ನಿ ಮ್ಯಾಚ್‌ನಾಗ ಗೆಲ್ಲಾಕತ್ತಿದ್ದೆ... ಟಪ್ ಅಂತ ಮಷಿನ್ ಸತ್ತು! ಮಂದಿ ಹಲ್ಲು ಕಿಸದು ನಕ್ರು. ಆ ಮಷಿನ್ ಜೋಡಿಸಿದಾಂವ ಈ ಮಗಾನ. ಖೋಟಾ ಸಾಮಾನು ಹಾಕ್ಯಾನ!"

"ಖೋಟಾ ಅಲ್ರೀ... ಆಣಿ ಮಾಡ್ತೇನ್ರೀ..." ಕಲ್ಲೇಶ ಅಳುತ್ತಿದ್ದ.

"ಯಮನೂರ, ಮ್ಯಾಲ ಹೋಗು. ಯಾವ ಸಾಮಾನು ಖೋಟಾ ಅಂತ ಹುಡುಕಿ ಹೇಳು. ಆಮ್ಯಾಲ ಕಲ್ಲು ಬಿಡೂಣು."

ಮೇಲೆ ಹೋದೆ.

ನನಗೆ ಕಂಪ್ಯೂಟರ್ ಎಷ್ಟು ಗೊತ್ತು? ಕಳ್ಳಮಾಲು ಗುರುತು ಹಿಡಿಯುವಷ್ಟು ಗೊತ್ತು. ಮಷಿನ್ನಿನ ಡಬ್ಬಿ ಮುಟ್ಟಿದೆ.

ಜುಮ್!

ಕೈ ಎಳೆದುಕೊಂಡೆ. ಪಿನ್ ಕಿತ್ತು, ಪಕ್ಕದ ಗಾಜು ತೆಗೆದೆ. ಒಳಗೆ ಎಲ್ಲಾ ಅಸಲಿ ಸಾಮಾನು! ಗ್ರಾಫಿಕ್ಸ್ ಕಾರ್ಡಿನ ಮೇಲೆ ಏನೋ ಅಂಟಂಟು. ಕುಂಕುಮದ ಕಲೆ. ಒಣಗಿದ ಚೆಂಡುಹೂವಿನ ಎಸಳು. ಸಾಲುಗಟ್ಟಿ ಇರುವೆ!

ಮೂಗು ಹತ್ತಿರ ತಂದೆ. ತೆಂಗಿನಕಾಯಿ ವಾಸನೆ.

ಕೆಳಗಿಳಿದೆ. "ಹ್ವಾದ ಅಮಾಸಿಗೆ ಮಷಿನ್‌ಗೆ ಪೂಜಿ ಮಾಡೀರೇನ್ರಿ?"

"ಮಾಡದ ಬಿಡ್ತೇವೇನು? ಮಷಿನ್ ಚಾಲೂ ಮಾಡೂದು, ಕಾಯಿ ಒಡಿಯೂದು, ಮಷಿನ್‌ಗೆ ಒಂದು ಕೈ ಹಚ್ಚಿ ನೀರು ಮ್ಯಾಲ ಹಾಕೂದು. ನಮ್ಮಪ್ಪನ ಕಾಲದ ಪದ್ಧತಿ."

"ಆ ನೀರಿಗೇ ತಿಂಗಳೊಳಗ ತುಕ್ಕ ಹಿಡದು ಸತ್ತೈತ್ರಿ. ಒಳಗ ಇರಬಿ ಮುಕರ್ಯಾವು."

ವಿಕ್ರಮ ನನ್ನನ್ನೇ ನೋಡಿದ. ಆಮೇಲೆ ನಕ್ಕ.

"ಲೇ, ಕಲ್ಲು ಕೊಯ್ಯೂ ಮಷಿನ್ ಮ್ಯಾಲ ದಿನಾ ಕೊಡಗಟ್ಲೆ ನೀರು ಬೀಳ್ತೈತಿ. ಅದು ಸತ್ತೈತೇನು? ದೇವರ ನೀರಿಗೆ ಮಷಿನ್ ಸಾಯ್ತಾವೇನ್ಲೇ!"

"ಅರ್ಥಿಂಗೂ ಇಲ್ರಿ ಮ್ಯಾಲ. ಮುಟ್ಟಿದ್ರ ಕರೆಂಟ್ ಹೊಡೀತೈತಿ."

"ನಾ ಹೇಳಿದ್ನಿರಿ... ಅರ್ಥಿಂಗ್ ಗುಂಡಿ ತೋಡಸ್ರಿ ಅಂತ ನೂರು ಸಲ ಹೇಳಿದ್ನಿ..." ಕಲ್ಲೇಶ ಬಾಯಿ ಹಾಕಿದ.

"ದುರಗ್ಯಾ!"

ಖಣ್! ಸರಪಳಿ ಒಂದು ಕೊಂಡಿ ಜಾರಿತು. ಕಲ್ಲೇಶ ಕಿರುಚಿದ. ಕಲ್ಲು ಅವನ ಬೆರಳ ಮೇಲೆ ಒಂದು ಗೇಣಿನಷ್ಟು ಎತ್ತರದಲ್ಲಿ ನಿಂತಿತು.

ವಿಕ್ರಮನಿಗೆ ನಿಜ ಬೇಕಿರಲಿಲ್ಲ. ಕೈ ಬೇಕಿತ್ತು. ಆದರೆ ಮಷಿನ್ನೂ ಬೇಕಿತ್ತಲ್ಲ!

"ನಾಳಿ ಅಮಾಸಿ. ಸಂಜಿಗೆ ಮತ್ತ ಮ್ಯಾಚ್ ಐತಿ. ಇವನ ಹೆಂಡ್ತಿ ಅದಾಳಲ್ಲ ಗೀತಾಂಜಲಿ... ಅಂಗಡ್ಯಾಗ ಸಾಮಾನು ಆರಸಾಕಿ ಅಕಿನ. ಅಕಿನ್ನ ಹಿಡಕೊಂಡು ಹೊಸಾ ಮಷಿನ್ ತಗೊಂಡ್ ಬಾ. ಇದರಪ್ಪನಂಥಾದ್ದು ಬೇಕು."

"ತರ್ತೇನ್ರಿ. ಅಲ್ಲೀತನಕ ಕಲ್ಲು ಇಳೀಬಾರದು."

"ಇಳಿಯಂಗಿಲ್ಲ."

"ಮಾತು?"

"ಬನಶಂಕರಿ ಆಣಿ!"

ಆಣೆ ಮಾಡಿದ. ನಾನು ಗಾಡಿ ಹತ್ತಿದೆ. ಹುನಗುಂದ ದಾಟಿದ್ದು ಗೊತ್ತಾಗಲಿಲ್ಲ.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಗಂಡ ಹೆಂಡತಿಯ ಅಂಗಡಿ. ಸುದ್ದಿ ಆಗಲೇ ಮುಟ್ಟಿತ್ತು. ಗೀತಾಂಜಲಿ ನನ್ನನ್ನು ನೋಡಿದ ಕೂಡಲೇ ಎದ್ದು ನಿಂತಳು.

"ಕೈ ಐತೇನ್ರಿ?"

"ಐತಿ. ನಾಳಿ ಸಂಜಿತನಕ."

ಅವಳು ಕೌಂಟರಿಗೆ ಹಣೆ ಒತ್ತಿ ಅತ್ತಳು. ದೊಡ್ಡ ದನಿ ತೆಗೆದೇ ಅತ್ತಳು. ನಾನು ಬಾಗಿಲು ಮುಂದಕ್ಕೆಳೆದು ನಿಂತೆ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕಪಾಟು ತೆರೆದಳು.

"ಇಂಥಾ ಮಷಿನ್‌ನಾಗ ಮಂದಿ ತಪ್ಪು ಎಲ್ಲಿ ಮಾಡ್ತಾರ ಗೊತ್ತೇನ್ರಿ ಅಣ್ಣಾರ? ಎಲ್ಲಾರೂ ದೀಪ ನೋಡ್ತಾರ. ಕರೆಂಟ್ ಎಲ್ಲಿಂದ ಬರ್ತೈತಿ, ಯಾರೂ ನೋಡೂದಿಲ್ಲ."

ಒಂದೊಂದೇ ಆರಿಸಿದಳು. ಪ್ರೊಸೆಸರು, ಎಲ್ಲಕ್ಕಿಂತ ಮೇಲಿನದು. ಅದಕ್ಕೆ ತಕ್ಕ ಮದರ್‌ಬೋರ್ಡು. ಮೆಮೊರಿ ಕಡ್ಡಿಗಳನ್ನು ಬೆಳಕಿಗೆ ಹಿಡಿದು ನೋಡಿ ಎರಡನ್ನು ವಾಪಸ್ ಇಟ್ಟಳು. ಮದುವೆಗೆ ಸೀರೆ ಆರಿಸುವವಳ ಹಾಗೆ ಅವಸರವಿಲ್ಲ. ಅಲ್ಲಿ ಗಂಡನ ಕೈ ಕಲ್ಲಿನಡಿ!

ಕೊನೆಗೆ ಡಬ್ಬಿ. ಅದಕ್ಕೆ ಕ್ಯಾಬಿನೆಟ್ ಅಂತಾರೆ. ಎರಡಿದ್ದವು. ಒಂದಕ್ಕೆ ಮೇಲೆ ದಪ್ಪ ಗಾಜು ಮುಚ್ಚಿತ್ತು. ಇನ್ನೊಂದಕ್ಕೆ ಮೇಲೆಲ್ಲ ಜಾಲರಿ. ಅದರ ಮೈ ಪೂರಾ ಕಬ್ಬಿಣ.

"ಗಾಜಿಂದು ತಗೋ ತಂಗಿ. ಆ ಹುಚ್ಚ ಮತ್ತ ಚಾಲೂ ಮಷಿನ್‌ಗೆ ಕೈ ಹಚ್ಚಿ ಕಾಯಿ ನೀರು ಹಾಕ್ತಾನ."

"ಜಾಲರಿದ ಬೇಕ್ರಿ. ಗಾಳಿ ಆಡಬೇಕು."

ನಾನು ಹೆಚ್ಚು ಕೇಳಲಿಲ್ಲ. ಕೇಳಬೇಕಿತ್ತು!

ಗ್ರಾಫಿಕ್ಸ್ ಕಾರ್ಡ್ ಅಂಗಡಿಯಲ್ಲಿರಲಿಲ್ಲ. ಜಿಲ್ಲೆಗೆ ಒಂದೇ ಬಂದಿತ್ತು. ಬಾದಾಮಿಯ ಶಿರೀಷ ಮಾಸ್ತರರು ವಿಡಿಯೋ ಮಾಡಲಿಕ್ಕೆ ಅಂತ ಒಯ್ದಿದ್ದರು. ಅಮಾವಾಸ್ಯೆ ಕಳೆಯಲಿ ಅಂತ ಸೀಲ್ ಕೂಡ ಒಡೆದಿರಲಿಲ್ಲ.

ಬೆಳಿಗ್ಗೆ ಬಾದಾಮಿ. ಮಾಸ್ತರರು ಚಹಾ ಕುಡಿಯುತ್ತಿದ್ದರು.

"ಕೊಡೂದಿಲ್ಲ! ಆರು ತಿಂಗಳು ಕಾದೇನಿ!"

"ಮಾಸ್ತರ್ರ, ಒಂದು ಕೈ ಉಳೀತೈತ್ರಿ ಇದರಿಂದ."

"ಅದಕ್ಕ ನಾ ಏನ್ ಮಾಡ್ಲಿ? ಹೊರಗ ನಡೀರಿ ಮೊದಲ!"

ನಾನು ಅವರ ಕನ್ನಡಕ ತೆಗೆದೆ. ಬೂಟಿನ ಕೆಳಗಿಟ್ಟೆ. ಕರಕ್! ಅವರ ಕಿರುಬೆರಳು ಹಿಡಿದು ಹಿಂದಕ್ಕೆ ಬಗ್ಗಿಸಿದೆ. ಅದು ಮುರಿಯುವ ಮುಂಚೆಯೇ ಅವರು ಕಪಾಟಿನ ಕೀಲಿ ಎಸೆದರು. ಗೀತಾಂಜಲಿ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಬೇಡ ಅನ್ನಲಿಲ್ಲ.

ನಾನೂ ವಿಕ್ರಮನೂ ಒಂದೇ ಕಸುಬಿನವರು ಅಂತ ಅವಳಿಗೆ ಆಗಲೇ ಗೊತ್ತಾಗಿರಬೇಕು.

ಮಾಸ್ತರರ ಅಳಿಯಂದಿರು ಜೀಪು ಹತ್ತಿ ಬೆನ್ನು ಹತ್ತಿದರು! ಪಟ್ಟದಕಲ್ಲಿನ ದಾರಿ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್, ಹಿಂದೆ ಜೀಪು.

"ಬಡಿಗಿ ಹಿಡದಾರ್ರೀ! ಜಲ್ದಿ ಹೊಡೀರಿ!"

"ಕಾರ್ಡ್ ಗಟ್ಟಿ ಹಿಡಕೋ!"

ಟ್ರ್ಯಾಕ್ಟರಿನ ಮೂತಿಗೆ ಸವರಿಕೊಂಡು ದಾಟಿದೆ. ಜೀಪು ದಾಟಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಅದು ಹೊಲದಲ್ಲಿ ಮಗ್ಗುಲಾಗಿ ಬಿದ್ದಿತ್ತು. ಒಬ್ಬ ಎದ್ದ. ಇನ್ನೊಬ್ಬ ಎದ್ದನೋ ಇಲ್ಲವೋ... ನಾನು ನಿಲ್ಲಿಸಲಿಲ್ಲ.

ಪಟ್ಟದಕಲ್ಲಿನ ಒಂದು ಖಾನಾವಳಿಯ ಹಿಂದೆ ಮೇಜು ಹಾಕಿಸಿಕೊಂಡೆವು. ಅಲ್ಲಿ ಮಷಿನ್ ಜೋಡಿಸಿದಳು. ನಾನು ಸ್ಕ್ರೂ ಹಿಡಿದೆ. ಎಲ್ಲಾ ಮುಗಿದ ಮೇಲೆ ಅವಳು ಕರೆಂಟ್ ಪೆಟ್ಟಿಗೆ ಎತ್ತಿಕೊಂಡಳು. ಮನೆಯ ಕರೆಂಟ್ ನೇರ ಒಳಗೆ ಬರುವುದು ಆ ಪವರ್ ಸಪ್ಲೈಗೆ. ಅದನ್ನು ತಳದಲ್ಲಿ ಕೂರಿಸುವುದು ವಾಡಿಕೆ.

ಅವಳು ಮೇಲೆ ಕೂರಿಸಿದಳು. ಜಾಲರಿಯ ಸರಿಯಾಗಿ ಕೆಳಗೆ. ಪೆಟ್ಟಿಗೆಯ ಬಾಯಿ ಆಕಾಶಕ್ಕೆ!

ನನ್ನ ಕೈಯಲ್ಲಿದ್ದ ಸ್ಕ್ರೂ ಕೆಳಗೆ ಬಿತ್ತು.

ಚಾಲೂ ಇರುವ ಮಷಿನ್. ಮೇಲಿನಿಂದ ಕಾಯಿ ನೀರು. ಅರ್ಥಿಂಗ್ ಇಲ್ಲದ ರೂಮು. ಕಬ್ಬಿಣದ ಡಬ್ಬಿ... ಅದಕ್ಕೆ ಕೈ ಮುಟ್ಟಿಸಿ ನಮಸ್ಕಾರ ಮಾಡುವ ವಿಕ್ರಮ!

"ತಂಗಿ... ಇದು ಮಷಿನ್ ಅಲ್ಲ."

"ಕ್ಯಾಬಿನೆಟ್ ಮಾಡಿದಾಂವ ಹಿಂಗೂ ಕೂಡಿಸಬೌದು ಅಂತ ಜಾಗಾ ಬಿಟ್ಟಾನ್ರಿ. ನೀರು ಹಾಕ್ರಿ ಅಂತ ಅಂವೂ ಹೇಳಿಲ್ಲ, ನಾನೂ ಹೇಳಿಲ್ಲ."

"ನಾ ಅವನ ಮನಷ್ಯಾ. ಹೇಳಿಬಿಡ್ತೇನಿ."

ಅವಳು ಸ್ಕ್ರೂ ಹೆಕ್ಕಿ ನನ್ನ ಕೈಗೆ ಕೊಟ್ಟಳು. "ನನ್ನ ಗಂಡನ ಕೈ ಹ್ಯಾಂಗಿತ್ತೋ ಹಂಗ ಇದ್ರ ನೀವು ಹೇಳೂದೂ ಬ್ಯಾಡ್ರಿ. ನಾನ ಬಿಚ್ಚಿ ತಳಕ್ಕ ಕೂಡಸ್ತೇನಿ. ಬನಶಂಕರಿ ಆಣಿ."

ಎರಡನೇ ಆಣೆ. ಅದೇ ದೇವಿ. ನಾನು ಯೋಚನೆ ಮಾಡಿದೆ. ವಿಕ್ರಮ ಮಾತು ಉಳಿಸಿಕೊಂಡಿದ್ದರೆ ನಾನೂ ಉಳಿಸಿಕೊಳ್ಳುತ್ತೇನೆ. ಇಲ್ಲದಿದ್ದರೆ ಅವನ ದಾರಿ ಅವನಿಗೆ.

"ಆತು," ಅಂದೆ.

ಅಮೀನಗಡ, ಹುನಗುಂದ... ಗಾಡಿಯಲ್ಲಿ ಅವಳು ಮಷಿನ್ ತಬ್ಬಿಕೊಂಡು ಕೂತಿದ್ದಳು.

ಇಳಕಲ್. ಫ್ಯಾಕ್ಟರಿಯ ಗೇಟು.

ಚಪ್ಪಡಿ ಕಟ್ಟೆ ಮೇಲೆ ಕೂತಿತ್ತು.

ಇಳಿದಿತ್ತು!

ಕಲ್ಲೇಶ ಗೋಡೆಗೆ ಒರಗಿ ಬಿದ್ದಿದ್ದ. ಬಲಗೈಗೆ ಗೋಣಿಚೀಲ ಸುತ್ತಿದ್ದರು. ಚೀಲ ಕಪ್ಪಗೆ ನೆನೆದಿತ್ತು. ಕಣ್ಣು ತೆರೆದಿತ್ತು, ಯಾರನ್ನೂ ನೋಡುತ್ತಿರಲಿಲ್ಲ. ದುರಗಪ್ಪ ನನ್ನ ಮುಖ ನೋಡದೆ ನೆಲ ನೋಡಿದ.

ನನಗೆ ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ? ಕಲ್ಲೇಶನಿಗಾಗಿ ಅರ್ಧ. ನನ್ನನ್ನು ಮಂಗ ಮಾಡಿದ್ದಕ್ಕೆ ಇನ್ನರ್ಧ.

"ಆಣಿ ಮಾಡಿದ್ರಲ್ರಿ ಸಾವ್ಕಾರ್ರ."

ವಿಕ್ರಮ ಮೆಟ್ಟಿಲ ಬುಡದ ನಳದಲ್ಲಿ ಕಾಲು ತೊಳೆದುಕೊಳ್ಳುತ್ತಿದ್ದ. ಪೂಜೆಗೆ ಸಿದ್ಧವಾಗುತ್ತಿದ್ದ. ಹೆಗಲ ಮೇಲೆ ಮಡಿಪಂಚೆ.

"ಭಾಳ ಒದರಾಕತ್ತಿದ್ದ ಯಮನೂರ. ನನಗ ಮೊಬೈಲ್‌ನಾಗ ಪ್ರಾಕ್ಟೀಸ್ ಮಾಡಾಕ ಆಗವಲ್ದಾತು." ಒದ್ದೆ ಕಾಲು ಕೊಡವಿದ. "ಹೋಗ್ಲಿ ಬಿಡು. ಮಷಿನ್ ತಂದಿ?"

ಗೀತಾಂಜಲಿ ಗಂಡನ ಹತ್ತಿರ ಹೋದಳು. ಅವನ ತಲೆ ಎದೆಗೆ ಒತ್ತಿಕೊಂಡಳು. ಕಿವಿಯಲ್ಲಿ ಏನೋ ಹೇಳಿದಳು. ಆಮೇಲೆ ಮಷಿನ್ ತಾನೇ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಪವರ್ ಸಪ್ಲೈ ಬಿಚ್ಚಲಿಲ್ಲ.

ಪಿನ್ ಹಾಕಿದಳು. ಗುಂಡಿ ಒತ್ತಿದಳು. ಎಲ್ಲಾ ದೀಪ ಹತ್ತಿದವು. ಫ್ಯಾನುಗಳು ಸದ್ದಿಲ್ಲದೆ ತಿರುಗಿದವು. ವಿಕ್ರಮ ಚಪ್ಪಾಳೆ ತಟ್ಟಿದ!

"ಏ, ಖರೇನ ಭಾರಿ ಐತಿ! ಗ್ಯಾರಂಟಿ ಎಷ್ಟು?"

"ಮೂರು ವರ್ಷರಿ," ಅಂದಳು ಗೀತಾಂಜಲಿ. ಅವಳ ಕಣ್ಣು ನನ್ನ ಮೇಲಿತ್ತು.

"ಯಮನೂರ, ನೀ ಹೇಳು. ಎಲ್ಲಾ ಬರೋಬ್ಬರಿ ಐತಿ?"

ಒಂದು ಮಾತು ಸಾಕಿತ್ತು. ನಾಲಿಗೆ ತುದಿಯಲ್ಲೇ ಇತ್ತು.

"ಬರೋಬ್ಬರಿ ಐತ್ರಿ ಸಾವ್ಕಾರ್ರ. ಪೂಜಿ ಮಾಡ್ರಿ."

ಕುಂಕುಮ ಹಚ್ಚಿದ. ಹೂ ಏರಿಸಿದ. ಊದಿನಕಡ್ಡಿ ಬೆಳಗಿದ. ದುರಗಪ್ಪ ಕಾಯಿ ಕೊಟ್ಟ. ಒಂದೇ ಏಟಿಗೆ ಒಡೆಯಿತು. ಒಳ್ಳೆಯ ಶಕುನ ಅಂತ ವಿಕ್ರಮ ನಕ್ಕ. ಎಡಗೈ ಡಬ್ಬಿಯ ಮೇಲಿಟ್ಟು, ಬಲಗೈಯಿಂದ ಹೋಳಿನ ನೀರನ್ನು ಜಾಲರಿಯ ಮೇಲೆ ಸುರಿದ...

ಛಟ್!

ಅವನ ಬಾಯಿ ತೆರೆಯಿತು. ದನಿ ಬರಲಿಲ್ಲ. ಕೈ ಡಬ್ಬಿಗೆ ಅಂಟಿತು. ಒದ್ದೆ ಕಾಲು ಗ್ರಾನೈಟ್ ನೆಲದ ಮೇಲೆ ಪಟಪಟ ಬಡಿಯಿತು.

"ಮೇನ್! ಮೇನ್ ತಗೀಲೇ ಯಮನೂರ!" ದುರಗಪ್ಪ ಕಿರುಚಿದ.

ಮೇನ್ ಸ್ವಿಚ್ಚು ನನ್ನ ಬೆನ್ನ ಹಿಂದೆಯೇ ಇತ್ತು. ನಾನು ಕೈ ಕಟ್ಟಿಕೊಂಡು ಅದಕ್ಕೇ ಒರಗಿ ನಿಂತಿದ್ದೆ. ದುರಗಪ್ಪ ನನ್ನ ಕಡೆ ಓಡಿ ಬಂದ. ನನ್ನ ಮುಖ ನೋಡಿದ. ಅಲ್ಲೇ ನಿಂತ.

ಗೀತಾಂಜಲಿ ಕಣ್ಣು ಮುಚ್ಚಲಿಲ್ಲ. ಕೊನೆಯವರೆಗೂ ನೋಡಿದಳು.

ಫ್ಯೂಸು ತಾನಾಗಿಯೇ ಹೋಯಿತು. ತಡವಾಗಿ ಹೋಯಿತು. ವಿಕ್ರಮ ನೆಲಕ್ಕೆ ಬಿದ್ದ.

ಪೊಲೀಸರು ಬಂದರು. ಹೂ ನೋಡಿದರು, ಒಡೆದ ಕಾಯಿ ನೋಡಿದರು. ಅರ್ಥಿಂಗ್ ಇರಲಿಲ್ಲ ಅಂತ ಬರೆದುಕೊಂಡು ಹೋದರು. ಕಲ್ಲೇಶನಿಗೆ ದವಾಖಾನೆಯಲ್ಲಿ ಹೆಬ್ಬೆರಳೊಂದನ್ನು ಮಾತ್ರ ಉಳಿಸಿಕೊಟ್ಟರು. ಈಗ ಸಾಮಾನು ಗೀತಾಂಜಲಿಯೇ ಆರಿಸುತ್ತಾಳೆ, ಅವಳೇ ಜೋಡಿಸುತ್ತಾಳೆ. ನನ್ನನ್ನು ಕಂಡರೆ ಮುಖ ತಿರುಗಿಸುತ್ತಾಳೆ. ತಿರುಗಿಸಲಿ.

ಮೊನ್ನೆ ದುರಗಪ್ಪ ಸಿಕ್ಕಿದ್ದ. ಫ್ಯಾಕ್ಟರಿ ಈಗ ಅವನೇ ನೋಡಿಕೊಳ್ಳುತ್ತಾನಂತೆ. ಸುಟ್ಟ ಮಷಿನ್ ಇನ್ನೂ ಮಹಡಿ ಮೇಲೇ ಇದೆಯಂತೆ.

"ಮೂರು ವರ್ಷ ಗ್ಯಾರಂಟಿ ಐತಿ ಅಂದಿದ್ಳಲ್ಲೋ ಅಕಿ? ಬದ್ಲಿ ಕೊಡ್ತಾರೇನು?"

"ಇಲ್ಲೋ ದುರಗಪ್ಪ," ಅಂದೆ. "ನೀರು ಬಿದ್ರ ಗ್ಯಾರಂಟಿ ಇಲ್ಲ!"